ಮದ್ದು ಬಿಟ್ಟ ರೆಕ್ಕೆ

ನೀರು ಬಿದ್ದು ಅರಳುವ ಸುಣ್ಣಕ್ಕೆ ಒಂದು ವಾಸನೆಯಿದೆ. ಅದಕ್ಕೆ ಮೈಲುತುತ್ತು ಕರಗಿಸಿದ ನೀಲಿ ನೀರನ್ನು ಸೇರಿಸಿದರೆ ಆ ವಾಸನೆ ಸ್ವಲ್ಪ ತಣ್ಣಗಾಗಿ, ಒದ್ದೆ ಗೋಡೆಗೆ ಹಳೆಯ ನಾಣ್ಯ ಉಜ್ಜಿದ ಹಾಗೆ ಆಗುತ್ತದೆ. ಈ ಎರಡನೆಯ ವಾಸನೆಗೆ ನಮ್ಮ ಕಡೆ ಹೆಸರಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಸುಳ್ಯ ತಾಲೂಕಿನ ಗಾಳಿಯೇ ಹಾಗಿರುವುದರಿಂದ, ಗಾಳಿಗೆ ಇನ್ನೊಂದು ಹೆಸರು ಯಾಕೆ ಎಂದು ಹಿಂದಿನವರು ಸುಮ್ಮನಾಗಿರಬೇಕು. ಕೊಳೆರೋಗ ಬಾರದಂತೆ ಅಡಿಕೆಗೊನೆಗೆ ಆ ನೀಲಿ ದ್ರಾವಣ ಸಿಂಪಡಿಸುವುದಕ್ಕೆ ಮಾತ್ರ ಹೆಸರಿದೆ: ಮದ್ದು ಬಿಡುವುದು.

ಕಳೆದ ಮಳೆಗಾಲದ ಶುರುವಿನಲ್ಲಿ ಮರ್ಕಂಜದ ಹೇಮಾವತಿಯವರ ಅಂಗಳದಲ್ಲಿ ಗೆಳೆಯ ಬೇಬಿಯ ಪಿಕಪ್ಪಿನಿಂದ ಇಳಿದಾಗ ನನ್ನ ಮೂಗಿಗೆ ಮೊದಲು ಬಂದದ್ದು ಅದೇ. ಹೇಮಾವತಿ ಎರಡು ದಿನ ಮೊದಲು ಪುತ್ತೂರಿಗೆ ಫೋನು ಮಾಡಿದ್ದರು.

"ಮಾಸ್ಟ್ರೆ, ಶೆಡ್ಡು ಖಾಲಿ ಮಾಡ್ಬೇಕು. ನಿಮ್ಮ ವಿಮಾನ ಎಂತ ಮಾಡುದು?"

ನಿಮ್ಮ ವಿಮಾನ. ಆ ಮಾತಿನಲ್ಲಿ ಅನ್ಯಾಯವೇನೂ ಇಲ್ಲ. ಮೂವತ್ತು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಬೋಲ್ಟು ನಟ್ಟುಗಳ ಮೂರು ನೋಟದ ನಕ್ಷೆ ಬರೆಯಲು ಕಲಿಸಿ, ಯಾರ ನೆನಪಿನಲ್ಲೂ ಉಳಿಯದೆ ನಿವೃತ್ತನಾದ ನನಗೆ ಸುಳ್ಯದಿಂದ ಕಡಬದವರೆಗೆ ಒಂದು ಖ್ಯಾತಿ ದೊರೆತದ್ದು ಆ ವಿಮಾನದಿಂದಲೇ. ಗುಂಡ್ಯದ ಚಾ ಅಂಗಡಿಯಲ್ಲಿ ಗುರುತಿಲ್ಲದವರು ಕೂಡ ಕೇಳಿದ್ದುಂಟು: "ವಿಮಾನದ ಡಿಸೈನು ತಪ್ಪಿಸಿದ ಮಾಸ್ಟ್ರು ನೀವೇ ಅಲ್ವಾ?" ನಾನು ಹೌದೆನ್ನುತ್ತೇನೆ. ಇಂಥ ಗೌರವಗಳನ್ನು ವಿನಯದಿಂದ ಸ್ವೀಕರಿಸಬೇಕು. ಆದರೆ ಅದು ನನಗೆ ಸಂದ ಬಗೆಯನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಈಗ ಹೇಳಬಹುದಾಗಿದೆ.

ಕುಶಾಲಪ್ಪ ನನ್ನ ಹಳೆಯ ವಿದ್ಯಾರ್ಥಿ. ಗೆರೆ ನೇರ ಎಳೆಯುತ್ತಿದ್ದ. ಅದು ಈಗ ಅಪರೂಪದ ಗುಣ. ಓದು ಮುಗಿಸಿ ಮರ್ಕಂಜಕ್ಕೆ ಮರಳಿ ತೋಟ ನೋಡಿಕೊಂಡ. ಜೊತೆಗೆ ಅಡಿಕೆ ಹಾಳೆಯಿಂದ ಊಟದ ತಟ್ಟೆ ಒತ್ತುವ ಶೆಡ್ಡೊಂದನ್ನು ಹಾಕಿ, ಸಕಾಲದಲ್ಲಿ ಮುಚ್ಚಿದ. ಒಂದು ವರ್ಷ ಗೊನೆ ತೆಗೆಯುವವರು ಹೇಳಿದ ದಿನ ಬರಲಿಲ್ಲ. ಇವನೇ ಮರ ಹತ್ತಿದ. ಬಿದ್ದ. ಸೊಂಟದಿಂದ ಕೆಳಗೆ ಆಮೇಲೆ ಏನೂ ಇಲ್ಲ.

ನಾನು ನೋಡಲು ಹೋದಾಗ ಗಾಲಿಕುರ್ಚಿಯಲ್ಲಿ ಕೂತಿದ್ದ. ಇಂಥ ಭೇಟಿಗಳಲ್ಲಿ ಆಡಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಅವನು ಅವಕಾಶ ಕೊಡಲಿಲ್ಲ.

"ಮಾಸ್ಟ್ರೆ, ನಾನೊಂದು ವಿಮಾನ ಕಟ್ಟುದು ಅಂತ ಉಂಟು. ಸಣ್ಣದು. ಒಬ್ಬನಿಗೆ ಮಾತ್ರ."

"ಹಾರಲಿಕ್ಕಾ?" ಎಂದೆ. ವಿಮಾನದ ಮಟ್ಟಿಗೆ ಇದು ಬುದ್ಧಿವಂತಿಕೆಯ ಪ್ರಶ್ನೆಯಲ್ಲ.

"ನಾನು ಒಮ್ಮೆ ಹಾರಿದವನೇ. ಇಳಿಯುದು ಮಾತ್ರ ಸರಿ ಆಗ್ಲಿಲ್ಲ. ಅದೊಂದು ಬಾಕಿ ಉಂಟು."

ನಾನು ನಗಲಿಲ್ಲ. ಒಳಗೆ ಅನ್ನ ಬಡಿಸುತ್ತಿದ್ದ ಅವನ ಹೆಂಡತಿ ಹೇಮಾವತಿಯೂ ನಗಲಿಲ್ಲ. ಊಟದ ನಡುವೆ ಆಕೆ ಆ ವಿಷಯವಾಗಿ ಒಂದೇ ಸಲ ಮಾತಾಡಿದರು. "ತೋಟದಿಂದ ಇವರನ್ನು ಎತ್ತಿ ತಂದವಳು ನಾನು. ಎರಡನೇ ಸಲ ಎತ್ತುದಿಲ್ಲ. ಆ ಶೆಡ್ಡಿಗೆ ನಾನು ಕಾಲಿಡುದಿಲ್ಲ." ಹಾಗೆಯೇ ನಡೆದುಕೊಂಡರು. ಚಹಾವನ್ನು ಶೆಡ್ಡಿನ ಹೊರಗೆ ಕಲ್ಲಿನ ಮೇಲೆ ಇಟ್ಟು, ಪಾತ್ರೆಯ ಮುಚ್ಚಳವನ್ನು ಎರಡು ಸಲ ಬಡಿದು ಹೋಗುತ್ತಿದ್ದರು.

ಹೀಗೆ ನಮ್ಮ ವಿಮಾನ ನಿರ್ಮಾಣ ಮಂಡಳಿ ಅಸ್ತಿತ್ವಕ್ಕೆ ಬಂತು. ಸದಸ್ಯರು ಮೂವರು. ಒಬ್ಬ ಬಿದ್ದವನು. ಇನ್ನೊಬ್ಬ, ಬೋಲ್ಟಿನ ಚಿತ್ರ ಬರೆಯಬಲ್ಲ ನಾನು. ಮೂರನೆಯವನು ನೆಲ್ಯಾಡಿಯ ಬೇಬಿ. ಅರುವತ್ತು ದಾಟಿದ, ಪೊದೆಮೀಸೆಯ, ಎರಡು ಮೊಮ್ಮಕ್ಕಳ ಅಜ್ಜನಿಗೆ ಬೇಬಿ ಎಂದು ಹೆಸರಿರುವುದು ಕೇರಳದಿಂದ ಬಂದು ಇಲ್ಲಿ ನೆಲೆಸಿದವರಲ್ಲಿ ಆಶ್ಚರ್ಯದ ಸಂಗತಿಯಲ್ಲ. ಅವನಿಗೆ ರಬ್ಬರ್ ತೋಟವಿತ್ತು. ಗೇಟು, ಕಿಟಕಿ ಸರಳು, ರಬ್ಬರ್ ಶೀಟಿನ ಯಂತ್ರ ಎಲ್ಲವನ್ನೂ ಬೆಸುಗೆ ಹಾಕುವ ಒಂದು ಸಣ್ಣ ವರ್ಕ್‌ಶಾಪೂ ಇತ್ತು. ತಟ್ಟೆ ಒತ್ತುವ ಯಂತ್ರ ಮಾಡಿಕೊಟ್ಟವನು ಅವನೇ. ಆ ಸೋಲಿನಲ್ಲಿ ಅವರಿಬ್ಬರ ಸ್ನೇಹ ಗಟ್ಟಿಯಾಗಿತ್ತು.

ಎಲ್ಲಕ್ಕಿಂತ ಮುಖ್ಯವಾಗಿ ಅವನಲ್ಲಿ ಒಂದು ಗುಡ್ಡವಿತ್ತು. ನಮ್ಮ ಮೂರು ತಾಲೂಕುಗಳಲ್ಲಿ ಹುಡುಕಿದರೆ ವಿಮಾನ ಓಡಿಸುವಷ್ಟು ಸಪಾಟು ಜಾಗ ಸಿಗುವುದು ಶಾಲೆಯ ಮೈದಾನ ಒಂದೇ, ಅಲ್ಲಿ ಮಕ್ಕಳಿರುತ್ತಾರೆ. ಬೇಬಿಯ ಗುಡ್ಡದ ನೆತ್ತಿ ಉದ್ದಕ್ಕೆ ಪಡುವಣದಿಂದ ಮೂಡಣಕ್ಕೆ ಚಾಚಿಕೊಂಡು, ಮೇಲೆ ಯಾರೋ ಕೈಯಾಡಿಸಿದ ಹಾಗೆ ಮಟ್ಟಸವಾಗಿತ್ತು. ಅದರ ತುಂಬ ಮುದಿ ರಬ್ಬರ್ ಮರಗಳು. ಮುಂದಿನ ಬೇಸಗೆಗೆ ಅವನ್ನು ಕಡಿದು, ಮಳೆ ಹಿಡಿದೊಡನೆ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಹೊಸ ಗಿಡ ಇಡುವುದೆಂದು ನಿಶ್ಚಯವಾಗಿತ್ತು. ಅಂದರೆ ಮರ ಹೋಗಿ ಗಿಡ ಬರುವ ನಡುವೆ ಒಂದು ಬೇಸಗೆಯ ಮಟ್ಟಿಗೆ ನೆಲ್ಯಾಡಿಯಲ್ಲಿ ವಿಮಾನ ನಿಲ್ದಾಣ ಇರುತ್ತದೆ. ಮತ್ತೆ ಇಪ್ಪತ್ತೈದು ಮೂವತ್ತು ವರ್ಷ ಇರುವುದಿಲ್ಲ.

"ಒಂದು ಬೇಸಗೆ ಸಾಕಾ?" ಎಂದು ಬೇಬಿ ಕೇಳಿದ.

"ನನಗೆ ಒಂದು ಸಲ ಸಾಕು," ಎಂದ ಕುಶಾಲಪ್ಪ. "ಆ ಕೊನೆಯಿಂದ ಈ ಕೊನೆಗೆ. ಆಳೆತ್ತರ ಎದ್ದರೆ ಆಯ್ತು. ಸರಿಯಾಗಿ ಇಳೀಬೇಕು."

ಆಳೆತ್ತರಕ್ಕೆ ಹಾರುವುದನ್ನು ಹಾರುವುದೆನ್ನಬೇಕೇ ಜಿಗಿಯುವುದೆನ್ನಬೇಕೇ ಎಂಬ ಕಾನೂನಿನ ಪ್ರಶ್ನೆಯನ್ನು ನಾನು ಎತ್ತಿದೆ. ಮಂಡಳಿ ಅದನ್ನು ಮುಂದೂಡಿತು.

ಕಂಪ್ಯೂಟರಿನಿಂದ ತರಿಸಿಕೊಂಡ ಒಂದು ಹೊರದೇಶದ ನಕ್ಷೆ ಇತ್ತು. ಒಳ್ಳೆಯ ನಕ್ಷೆ; ಆದರೆ ಕಾಲಿದ್ದವರಿಗೆ ಮಾಡಿದ್ದು. ಹಾಗಾಗಿ ನಮ್ಮ ಪ್ರತಿಯೊಂದು ತೀರ್ಮಾನವೂ ಇಲ್ಲದ ಎರಡು ಕಾಲುಗಳಿಂದ ಶುರುವಾಗುತ್ತಿತ್ತು. ರೆಕ್ಕೆ ಮೇಲಿರಬೇಕೋ ಕೆಳಗಿರಬೇಕೋ? ಕೆಳಗಿದ್ದರೆ ಅದನ್ನು ತುಳಿದು ಹತ್ತಬೇಕು, ತುಳಿಯುವುದು ಯಾವುದರಿಂದ? ಆದ್ದರಿಂದ ರೆಕ್ಕೆ ತಲೆಯ ಮೇಲೆ. ಕೂರುವ ಜಾಗ ಗಾಲಿಕುರ್ಚಿಯ ಎತ್ತರಕ್ಕೇ, ಪಕ್ಕದಲ್ಲಿ ಗೋಡೆಯಿಲ್ಲದೆ. ಕೈಯೂರಿ ಅತ್ತಿಂದಿತ್ತ ಜಾರಿದರಾಯಿತು. ಬಾಲದ ಕೆಳಗೆ ಚಕ್ರ ಇಟ್ಟರೆ ಹಗುರ, ನೋಡಲೂ ಚೆಂದ; ಆದರೆ ಅಂಥ ವಿಮಾನ ನೆಲದ ಮೇಲೆ ತಿರುಗಿಬೀಳದ ಹಾಗೆ ಪಾದದಲ್ಲಿ ಆಡಿಸುತ್ತಲೇ ಇರಬೇಕು. ಹಾಗಾಗಿ ಮುಂದೊಂದು ಚಕ್ರ, ಹಿಂದೆರಡು, ಆಟೋರಿಕ್ಷಾದ ಹಾಗೆ. ನಕ್ಷೆಯಲ್ಲಿ ಬಾಲದ ಚುಕ್ಕಾಣಿಗೆ ಕಾಲಿನ ಪೆಡಲುಗಳಿದ್ದವು. ನಾನು ಅವನ್ನು ಅಳಿಸಿ, ಚುಕ್ಕಾಣಿಯನ್ನೂ ರೆಕ್ಕೆಯ ತುದಿಯ ಹಲಗೆಗಳನ್ನೂ ಒಂದೇ ಕೈಕೋಲಿಗೆ ಕಟ್ಟಿದೆ. ಅಡ್ಡಗಾಳಿ ಬಂದರೆ ಅಂಥ ವಿಮಾನವನ್ನು ಓರೆಯಾಗಿ ಹಿಡಿದು ಇಳಿಸಲಾಗದು. ನಮ್ಮ ಗುಡ್ಡ ಉದ್ದಕ್ಕೆ ಕಡಲಗಾಳಿಯ ದಾರಿಯಲ್ಲೇ ಮಲಗಿದ್ದರಿಂದ, ದೇವರು ಈ ವಿಷಯದಲ್ಲಿ ಮೊದಲೇ ಯೋಚಿಸಿದ್ದಾನೆ ಎಂದು ಬೇಬಿ ಶಿಲುಬೆಯ ಗುರುತು ಮಾಡಿಕೊಂಡ.

ಎಂಜಿನ್ ಒಂದು ಕಡಲತೀರದಲ್ಲಿ ಪ್ರವಾಸಿಗರನ್ನು ಹಾರಿಸಿ ಸಾಕಾದದ್ದು. ಅದನ್ನು ಮುಂದೆ ಇಡಬೇಕೋ ಹಿಂದೆಯೋ ಎಂಬುದಕ್ಕೆ ಎರಡು ದಿನ ಚರ್ಚೆಯಾಯಿತು. ಹಿಂದಿದ್ದರೆ ಕುರ್ಚಿ ದೂಡಿಕೊಂಡು ಬರುವವರಿಗೆ ತಿರುಗುವ ಪಂಖದ ಭಯವಿಲ್ಲ, ಕೂತವನಿಗೆ ಮುಂದೆಲ್ಲ ಕಾಣುತ್ತದೆ. ಆದರೆ ನಾನು ಎಚ್ಚರಿಸಿದೆ: "ಬಿದ್ದರೆ ಎಂಜಿನ್ ಇಡೀ ಬೆನ್ನ ಮೇಲೆ ಬರ್ತದೆ, ಕುಶಾಲಪ್ಪ."

"ಬೆನ್ನಿಗೆ ಇನ್ನು ಎಂತ ಆಗ್ಲಿಕ್ಕೆ ಬಾಕಿ ಉಂಟು ಮಾಸ್ಟ್ರೆ?"

ಎಂಜಿನ್ ಹಿಂದೆ ಹೋಯಿತು.

ಉಳಿದದ್ದು ರೆಕ್ಕೆ. ಬೇಬಿ, ಅಡಿಕೆ ಗೊನೆ ಇಳಿಸುವ ಕಾರ್ಬನ್ ದೋಟಿಗಳನ್ನೇ ರೆಕ್ಕೆಗೆ ಬೆನ್ನೆಲುಬಾಗಿ ಹಾಕೋಣ ಎಂದ. ಆಕಾಶಕ್ಕೆ ಚಾಚಿದರೂ ಮುರಿಯದ ಕೋಲು ಅದು. ಒಂದರೊಳಗೊಂದು ತೂರುವ ಅದರ ಕೀಲುಗಳನ್ನು ಮಾತ್ರ ನಾನು ನಂಬಲಿಲ್ಲ. ನಕ್ಷೆಯಲ್ಲಿದ್ದಂತೆ ಅಲ್ಯೂಮಿನಿಯಂ ಕೊಳವೆಗಳೇ ಆದವು. ಬೆನ್ನೆಲುಬಿಗೆ ಅಡ್ಡಲಾಗಿ ಬರುವ ಪಕ್ಕೆಲುಬುಗಳೂ ನಕ್ಷೆಯಲ್ಲಿ ಅಲ್ಯೂಮಿನಿಯಮ್ಮೇ. ಅಲ್ಲಿ ಕುಶಾಲಪ್ಪ ತಡೆದ.

"ಅದು ಮರದ್ದಾಗ್ಲಿ. ಪೈನ್ ಪಟ್ಟಿ, ಅಂಟು, ಸಣ್ಣ ಮೊಳೆ."

"ಯಾಕೆ? ಲೋಹದ್ದಾದರೆ ಬೇಬಿ ಒಂದು ವಾರದಲ್ಲಿ ಬಗ್ಗಿಸಿ ಕೊಡ್ತಾನೆ."

"ಅದಕ್ಕೇ ಬೇಡ ಅನ್ನುದು. ಬೆಸುಗೆ ಬೇಬಿಯದ್ದು, ಗೆರೆ ನಿಮ್ಮದ್ದು. ನಾನು ಎಂತ, ಸಾಮಾನಾ, ನಿಮ್ಮ ವಿಮಾನದಲ್ಲಿ ಹೇರ್ಲಿಕ್ಕೆ? ಮರದ್ದಾದ್ರೆ ಕೂತಲ್ಲೇ ಮಾಡ್ಬಹುದು."

ವಿಮಾನಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಮರದ ಪಕ್ಕೆಲುಬು, ಅದನ್ನು ಪೋಣಿಸಲು ಅಲ್ಯೂಮಿನಿಯಂ ಬೆನ್ನೆಲುಬು ಎಂದು ತೀರ್ಮಾನವಾಯಿತು. ಮಳೆ ಶುರುವಾಗುವ ಹೊತ್ತಿಗೆ ಅವನು ಹಲಗೆಯ ಅಚ್ಚೊಂದನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕೆಲುಬು ಅಂಟಿಸಲು ಕೂತ. ತೊಡೆಗೆ ಭಾರವೂ ತಿಳಿಯದು, ನೋವೂ ತಿಳಿಯದು. ಇಂಥ ಮೇಜು ಯಾರಿಗುಂಟು ಎನ್ನುತ್ತಿದ್ದ. ಒಂದೊಂದು ಮುಗಿದಾಗಲೂ ಬೆಳಕಿಗೆ ಹಿಡಿದು ನೋಡಿ ಗೋಡೆಗೆ ನೇತುಹಾಕುವನು. ಮೀನಿನ ಮುಳ್ಳಿನಷ್ಟು ಹಗುರ. ಅಷ್ಟು ಚೆಂದದ ಕೆಲಸವನ್ನು ನಾನು ಕಲಿಸಿರಲಿಲ್ಲ.

ಆ ವರ್ಷದ ಮಳೆ ಬಿಡುವ ಲಕ್ಷಣ ತೋರಿಸಲಿಲ್ಲ. ಪಕ್ಕೆಲುಬುಗಳನ್ನೆಲ್ಲ ಕೊಳವೆಗೆ ಪೋಣಿಸಿ ರೆಕ್ಕೆಯ ಎಲುಬುಗೂಡು ನಿಲ್ಲುವ ಹೊತ್ತಿಗೆ ಕುಶಾಲಪ್ಪನಿಗೆ ಜ್ವರ ಬಂತು. ಕೂತೇ ಇರುವವರಿಗೆ ಬರುವ ಹುಣ್ಣು, ಅದಕ್ಕೆ ಸೋಂಕು. ಪುತ್ತೂರಿನ ಆಸ್ಪತ್ರೆಯಲ್ಲಿ ಮಲಗಿಸಿದರು. ಅವನ ತಂಗಿ ಆಲೆಟ್ಟಿಯಿಂದ ಬಂದು ಜೊತೆಗೆ ನಿಂತಳು. ತೋಟಕ್ಕೆ ಮದ್ದು ಬಿಡಿಸುವ ಸಮಯವಾದ್ದರಿಂದ ಹೇಮಾವತಿ ಮನೆಗೂ ಆಸ್ಪತ್ರೆಗೂ ಓಡಾಡಿದರು. ನಾನು ದಿನಾ ಸಂಜೆ ಹೋಗುತ್ತಿದ್ದೆ. ಜ್ವರದ ಕಣ್ಣಿನಲ್ಲಿ ಅವನು ಕೇಳುವುದು ಒಂದೇ.

"ಮಾಸ್ಟ್ರೆ, ಶೆಡ್ಡಿನ ಕಿಟಕಿ ಹಾಕಿ ಉಂಟು. ಗಾಳಿ ಆಡುದಿಲ್ಲ. ಬೂಸು ಬಂದಿರ್ತದೆ."

ಬಂದಿತ್ತು. ಅಷ್ಟು ದಿನ ಮುಚ್ಚಿದ್ದ ಶೆಡ್ಡಿನಲ್ಲಿ ಅವನ ಪಕ್ಕೆಲುಬುಗಳ ಮೇಲೆಲ್ಲ ಬೂದು ಬೂಸು, ಹಳೆಯ ಬೆಲ್ಲದ ಮೇಲೆ ಬರುವ ಹಾಗೆ. ಇದನ್ನು ನಾನು ಆಮೇಲೆ ಕೇಳಿ ತಿಳಿದದ್ದು. ನೋಡಿದವರು ಹೇಮಾವತಿ. ತೋಟಕ್ಕೆ ಮದ್ದು ಬಿಡಿಸಿ ಡ್ರಮ್ಮಿನಲ್ಲಿ ಸ್ವಲ್ಪ ಉಳಿದಿತ್ತಂತೆ. ಆಸ್ಪತ್ರೆಗೆ ಹೊರಡುವ ಮೊದಲು ಏನನ್ನಿಸಿತೋ, ಕಾಲಿಡುವುದಿಲ್ಲ ಎಂದಿದ್ದ ಶೆಡ್ಡಿನ ಬಾಗಿಲು ತೆರೆದರು. ಗಂಡ ಆಸ್ಪತ್ರೆಯಲ್ಲಿ ಹಲುಬುತ್ತಿದ್ದ ಬೂಸು ಕಣ್ಣೆದುರಿಗೇ ಇತ್ತು. ಬೂಸಿಗೆ ಏನು ಮಾಡಬೇಕೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಮದುವೆಯಾಗಿ ಬಂದಂದಿನಿಂದ ಆ ಮನೆಯಲ್ಲಿ ಮದ್ದು ಕಲಸುವವರು ಅವರೇ.

ಮದ್ದಿನ ಹದ ನೋಡುವುದಕ್ಕೆ ನಮ್ಮಲ್ಲಿ ಒಂದು ಕ್ರಮ ಉಂಟು. ಉಜ್ಜಿ ಹೊಳೆಸಿದ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿಯಬೇಕು. ಚೂರಿಗೆ ಕೆಂಪು ಹತ್ತಿದರೆ ತುತ್ತಿನ ತಾಮ್ರ ಇನ್ನೂ ಖಾರವಾಗಿದೆ ಎಂದರ್ಥ, ಸುಣ್ಣ ಹಾಕಬೇಕು. ಚೂರಿ ಬೆಳ್ಳಗೇ ಬಂದರೆ ಹದ ಸರಿ. ಹೇಮಾವತಿ ಉಳಿದಿದ್ದ ಮದ್ದಿಗೆ ಹೊಸದಾಗಿ ಒಂದಿಷ್ಟು ಕಲಸಿ ಸೇರಿಸಿ, ಚೂರಿ ಅದ್ದಿ ನೋಡಿ, ಸರಿ ಇದೆ ಎಂದಾದ ಮೇಲೆ ಬೆನ್ನಿಗೆ ಪಂಪು ಕಟ್ಟಿಕೊಂಡು ಎರಡು ರೆಕ್ಕೆಗಳಿಗೂ, ಸಂದುಗೊಂದುಗಳನ್ನೂ ಬಿಡದೆ, ಮದ್ದು ಬಿಟ್ಟರು.

ಆಸ್ಪತ್ರೆಯಿಂದ ಬಂದ ದಿನ ಕುಶಾಲಪ್ಪನನ್ನು ನಾನೂ ಬೇಬಿಯೂ ಶೆಡ್ಡಿಗೆ ದೂಡಿಕೊಂಡು ಹೋದೆವು. ರೆಕ್ಕೆ ಇಡೀ ಆಕಾಶನೀಲಿ. ಬೂಸಿನ ಸುಳಿವಿಲ್ಲ. ಅವನು ಒಂದು ಪಕ್ಕೆಲುಬನ್ನು ಬೆರಳಿನಿಂದ ಸವರಿದ.

"ಅವಳು ಒಳಗೆ ಬಂದಿದ್ದಾಳೆ," ಎಂದ. ಅಷ್ಟೇ.

ಅಲ್ಲಿ ಮೂವರು ಗಂಡಸರು ನಿಂತಿದ್ದೆವು, ಒಬ್ಬ ಕೂತಿದ್ದ. ಮದ್ದು ಕಲಸಲು ಅಲ್ಯೂಮಿನಿಯಂ ಪಾತ್ರೆ ಮುಟ್ಟಬಾರದು, ತುತ್ತು ಅದನ್ನು ತಿಂದುಬಿಡುತ್ತದೆ ಎಂಬುದು ಪುತ್ತೂರು ಸುಳ್ಯಗಳಲ್ಲಿ ಮೀಸೆ ಮೂಡುವ ಮೊದಲೇ ತಿಳಿಯುವ ಸಂಗತಿ. ಅದಕ್ಕೇ ಎಲ್ಲರ ಮನೆಯಲ್ಲೂ ಆ ಪ್ಲಾಸ್ಟಿಕ್ ಡ್ರಮ್ಮು. ಆದರೆ ನಾವು ನೋಡುತ್ತಿದ್ದದ್ದು ಪಾತ್ರೆಯನ್ನಲ್ಲ, ವಿಮಾನವನ್ನು. ಬೇಬಿ "ಚೇಚಿಯ ಕೆಲಸ ಫಸ್ಟ್ ಕ್ಲಾಸ್" ಎಂದ; ಅವನ ಭಾಷೆಯಲ್ಲಿ ಚೇಚಿ ಎಂದರೆ ಅಕ್ಕ. ಮೂವರೆಂದೆನಲ್ಲ, ಮೂರನೆಯವನು ಪಿಕಪ್ಪಿನ ಚಾಲಕ, ಅವನೂ ತಲೆಯಾಡಿಸಿದ.

ಆಮೇಲಿನವು ಒಳ್ಳೆಯ ತಿಂಗಳುಗಳು. ಚಹಾ ಶೆಡ್ಡಿನ ಒಳಗೆ ಬರಲು ಶುರುವಾಯಿತು. ರೆಕ್ಕೆಗೆ ಬಟ್ಟೆ ಹೊದಿಸುವಾಗ ನಾವು ಮೂವರೂ ಸೇರಿ ಹೊಲಿದದ್ದನ್ನು ಹೇಮಾವತಿ ನೋಡಿ, "ಇದು ವಿಮಾನವಾ, ಗೋಣಿಯಾ?" ಎಂದು ಬಿಚ್ಚಿಸಿದರು. ಇಡೀ ಬಟ್ಟೆಯನ್ನು ತಾವೇ ಹೊಲಿದರು. ಗಂಡ ಹೆಂಡತಿ ರೆಕ್ಕೆಯ ಎರಡು ಬದಿ ಕೂತು, ಅವಳು ಚುಚ್ಚಿದ ಉದ್ದ ಸೂಜಿಯನ್ನು ಅವನು ಎಳೆದು, ಅವನು ಚುಚ್ಚಿದ್ದನ್ನು ಅವಳು ಎಳೆದು, ಬಟ್ಟೆಯನ್ನು ಪಕ್ಕೆಲುಬಿಗೆ ಕಟ್ಟಿದರು.

"ನನ್ನ ಕೈಗೆ ಚುಚ್ಚಿದ್ರೆ ಗೊತ್ತಾಗ್ತದೆ ಮಾರಾಯ್ತಿ," ಎನ್ನುವನು. "ಕಾಲಿಗೆ ಚುಚ್ಚು ಬೇಕಾದ್ರೆ."

"ಎಂತ ಮಾತು ನಿಮ್ಮದು! ಬಾಯಿಗೇ ಹಾಕ್ತೇನೆ ಎರಡು ಹೊಲಿಗೆ."

ಬಟ್ಟೆಗೆ ಬಣ್ಣ ಬಳಿದು ಬಿಗಿಗೊಳಿಸಿದ ಮೇಲೆ ಒಳಗಿನದು ಏನೂ ಕಾಣುತ್ತಿರಲಿಲ್ಲ. ಬೆರಳಿನಿಂದ ಬಡಿದರೆ ಚೆಂಡೆಯ ಹಾಗೆ ಸದ್ದು ಕೊಡುತ್ತಿತ್ತು.

ಮಾರ್ಚಿನ ಹೊತ್ತಿಗೆ ಬೇಬಿಯ ಗುಡ್ಡದ ಮರಗಳು ಲಾರಿ ಹತ್ತಿ ಹೋದವು. ಜೆಸಿಬಿ ಬೇರು ಕಿತ್ತು ನೆಲ ಸಮ ಮಾಡಿತು. ನಾವು ವಿಮಾನವನ್ನು ಬಿಡಿಸಿ ಪಿಕಪ್ಪಿನಲ್ಲಿ ಎರಡು ಸಲ ಹೇರಿ ನೆಲ್ಯಾಡಿಗೆ ಸಾಗಿಸಿದೆವು. ದಾರಿಯಲ್ಲಿ ಕೇಳಿದವರಿಗೆ ಬೇಬಿ, ಮದುವೆ ಚಪ್ಪರದ ಸಾಮಾನು ಎಂದ. ಜೋಡಿಸುವುದು, ಎಂಜಿನ್ ಹದಕ್ಕೆ ತರುವುದು, ನೆಲದ ಮೇಲೆ ರೆಕ್ಕೆಯಿಲ್ಲದೆ ಓಡಿಸಿ ಅಭ್ಯಾಸ ಮಾಡುವುದು, ಇದರಲ್ಲಿ ಬೇಸಗೆ ಕರಗಿತು. ಮೇ ತಿಂಗಳ ಕೊನೆಗೆ ಪಡುವಣದಲ್ಲಿ ಮೋಡ ಕಾಣತೊಡಗಿತು. ಗುಡ್ಡದ ಬುಡದಲ್ಲಿ ಬೇಬಿ ತರಿಸಿದ ರಬ್ಬರ್ ಗಿಡಗಳು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸಾಲಾಗಿ ನಿಂತು ನಮ್ಮನ್ನೇ ನೋಡುತ್ತಿದ್ದವು.

ಒಂದು ಬೆಳಿಗ್ಗೆ ಗಾಳಿ ಹದವಾಗಿತ್ತು. ಹೇಮಾವತಿಯೂ ಬಂದಿದ್ದರು, ಬೇಬಿಯ ಮನೆಯಲ್ಲಿ ಅವನ ಹೆಂಡತಿಯ ಜೊತೆ ಚಹಾ ಮಾಡಲು ಉಳಿದಿದ್ದರು. ಇನ್ನೊಂದು ಪರೀಕ್ಷೆ ಬಾಕಿಯಿತ್ತು. ಹಾರುವಾಗ ಗಾಳಿ ರೆಕ್ಕೆಯನ್ನು ಕೆಳಗಿನಿಂದ ಮೇಲಕ್ಕೆ ದೂಡುತ್ತದೆ. ಅದನ್ನು ನೆಲದಲ್ಲಿ ನೋಡಬೇಕಾದರೆ ರೆಕ್ಕೆಯನ್ನು ಮಗುಚಿ ಕಟ್ಟಿ ಮೇಲೆ ಭಾರ ಹೇರಬೇಕು. ದಾರಿಯಲ್ಲಿ ಪೆಟ್ಟಾಗಿದ್ದರೂ ತಿಳಿಯಲಿ ಎಂದು ಅದನ್ನು ಗುಡ್ಡಕ್ಕೇ ಇಟ್ಟುಕೊಂಡಿದ್ದೆವು.

"ಅದು ಬೇಡ ಮಾಸ್ಟ್ರೆ," ಎಂದ ಕುಶಾಲಪ್ಪ. "ಗಾಳಿ ನೋಡಿ. ನಾಳೆ ಮಳೆ ಬಂದ್ರೆ ಮುಗೀತು. ಇವತ್ತು ಹೋಗಿ ಬಿಡ್ತೇನೆ."

"ಭಾರ ಹೇರದೆ ನಾನು ಬಿಡುವುದಿಲ್ಲ."

"ನಿಮಗೆ ನಿಮ್ಮ ಗೆರೆಯ ಮೇಲೆ ನಂಬಿಕೆ ಇಲ್ವಾ?"

"ಗೆರೆಯ ಮೇಲೆ ಉಂಟು. ಬೇಬಿಯ ಬೋಲ್ಟಿನ ಮೇಲೆ ಇಲ್ಲ," ಎಂದೆ. ಬೇಬಿ ತನ್ನ ಭಾಷೆಯಲ್ಲಿ ಏನೋ ಅಂದ. ನನಗೆ ಮಲಯಾಳ ಅಷ್ಟು ಬರುವುದಿಲ್ಲವೆಂಬುದು ನಮ್ಮ ಸ್ನೇಹಕ್ಕೆ ಒಳ್ಳೆಯದೇ ಆಗಿತ್ತು.

ಭಾರಕ್ಕೆ ಬೇಬಿಯ ಹೊಗೆಗೂಡಿನಲ್ಲಿದ್ದ ಒಣ ರಬ್ಬರ್ ಶೀಟುಗಳನ್ನು ತಂದೆವು. ಕಂಬಳಿಯ ಹಾಗೆ ಹಾಸಿಕೊಳ್ಳುವ ವಸ್ತು. ರೆಕ್ಕೆಯ ಮೇಲೆ ಇದಕ್ಕಿಂತ ಸಮವಾಗಿ ಕೂರುವ ಭಾರ ಬೇರಿಲ್ಲ. ಬಲರೆಕ್ಕೆಗೆ ಒಂದೊಂದೇ ಪದರ ಹಾಸುತ್ತ ಬಂದೆವು. ಹೊರಬೇಕಾದ ಭಾರದ ಕಾಲುಭಾಗವೂ ಆಗಿರಲಿಲ್ಲ. ಒಣಗಿದ ಸೋಗೆ ಮುರಿದ ಹಾಗೆ ಒಂದು ಸದ್ದು. ರೆಕ್ಕೆ ನಡುವಿನಲ್ಲಿ ಮಡಚಿಕೊಂಡು, ಶೀಟುಗಳೆಲ್ಲ ಮೆಲ್ಲಗೆ ನೆಲಕ್ಕೆ ಜಾರಿದವು.

ಬೇಬಿ ಚಾಕುವಿನಿಂದ ಬಟ್ಟೆ ಸೀಳಿದ. ಮರದ ಪಕ್ಕೆಲುಬುಗಳು ಅಂಟಿಸಿದ ದಿನದ ಹಾಗೆಯೇ ಇದ್ದವು, ನೀಲಿಯಾಗಿ, ಗಟ್ಟಿಯಾಗಿ. ಅವು ಕೊಳವೆಯನ್ನು ತಬ್ಬಿದ ಕಡೆಗಳಲ್ಲೆಲ್ಲ ಬಿಳಿ ಹುಡಿ. ಬೇಬಿ ಹೆಬ್ಬೆರಳಿನಿಂದ ಒರೆಸಿದಾಗ ಕೊಳವೆ ಗೆದ್ದಲು ತಿಂದ ಕಾಗದದ ಹಾಗೆ ತೂತಾಯಿತು. ತೂತಿನ ಅಂಚಿಗೆ ಕೆಂಪು. ಚೂರಿಗೆ ಹತ್ತುತ್ತದಲ್ಲ, ಅದೇ ಕೆಂಪು. ಇನ್ನೊಂದು ರೆಕ್ಕೆಯನ್ನು ಸೀಳಿ ನೋಡುವ ಅಗತ್ಯವಿರಲಿಲ್ಲ. ಆದರೂ ಬೇಬಿ ನೋಡಿದ.

"ಎಂಡೆ ಕರ್ತಾವೇ," ಎಂದು ದೇವರನ್ನು ಕರೆದ. "ಇದು ಆ ಮದ್ದು..."

"ಬೇಬಿ," ಎಂದ ಕುಶಾಲಪ್ಪ. ಅವನ ಸ್ವರ ಅಷ್ಟು ತಗ್ಗಿದ್ದನ್ನು ನಾನು ಕೇಳಿರಲಿಲ್ಲ. "ಆ ಬಟ್ಟೆ ಮುಚ್ಚು. ಬೇಗ ಮುಚ್ಚು."

ಗುಡ್ಡದ ದಾರಿಯಲ್ಲಿ ಹೇಮಾವತಿ ಚಹಾದ ಫ್ಲಾಸ್ಕು ಹಿಡಿದು ಹತ್ತಿ ಬರುತ್ತಿದ್ದರು. ಬೇಬಿ ಸೀಳಿದ ಬಟ್ಟೆಯ ಮೇಲೆ ಎರಡು ಶೀಟು ಎಳೆದು ಹಾಕಿದ. ಆಕೆ ಬಂದು ನಿಂತು, ಮಡಚಿದ ರೆಕ್ಕೆಯನ್ನೂ ನಮ್ಮ ಮೂವರ ಮುಖಗಳನ್ನೂ ನೋಡಿದರು.

"ಎಂತ ಆಯ್ತು?"

"ಎಂತ ಆಗುದು," ಎಂದ ಕುಶಾಲಪ್ಪ, ಎಲ್ಲರಿಗೂ ಕೇಳುವ ಹಾಗೆ. "ಮಾಸ್ಟ್ರ ಡಿಸೈನು ತಪ್ಪು. ಬೋಲ್ಟಿನ ಚಿತ್ರ ಬರೆಯುವವರತ್ರ ರೆಕ್ಕೆ ಬರೆಸಿದ್ರೆ ಹೀಗೇ."

ಅವನು ನನ್ನ ಕಡೆ ನೋಡಿದ. ನನ್ನ ಅಧ್ಯಾಪಕ ಜೀವನದಲ್ಲಿ ಯಾವ ವಿದ್ಯಾರ್ಥಿಯೂ ಅಂಥ ಪ್ರಶ್ನೆಪತ್ರಿಕೆಯನ್ನು ನನ್ನ ಕೈಗೆ ಕೊಟ್ಟಿರಲಿಲ್ಲ.

"ಹೌದಮ್ಮ," ಎಂದೆ. "ಲೆಕ್ಕ ತಪ್ಪಿದೆ. ಬಾಲ ಚಿಕ್ಕದಾಯ್ತು."

ಬಾಲಕ್ಕೂ ರೆಕ್ಕೆ ಮುರಿಯುವುದಕ್ಕೂ ಏನು ಸಂಬಂಧವೆಂದು ಹೇಮಾವತಿ ಕೇಳಲಿಲ್ಲ. "ರಿಪೇರಿ ಆಗುದಿಲ್ವಾ?" ಎಂದು ಮಾತ್ರ ಕೇಳಿದರು.

ಹೊಸ ಕೊಳವೆ ತರಿಸಿ, ಎಲ್ಲ ಬಿಚ್ಚಿ ಮತ್ತೆ ಪೋಣಿಸಿ, ಮತ್ತೆ ಹೊಲಿಯಲು ಇನ್ನೊಂದು ವರ್ಷ ಬೇಕು. ಬೇಬಿ ಗಿಡಗಳ ಕಡೆಗೆ ನೋಡಿ, "ಒಂದು ವರ್ಷ ನಾನು ಗಿಡ ಇಡುದಿಲ್ಲ. ಗುಡ್ಡ ಹೀಗೇ ಇರ್ಲಿ, ಏನು ಮಾಷೇ?" ಎಂದು ನನ್ನನ್ನು ಕೇಳಿದ. ಅದು ಬಾಯಿಮಾತಲ್ಲ.

"ತೊಟ್ಟೆಯಲ್ಲಿ ಬೇರು ಸುತ್ತಿಕೊಂಡ್ರೆ ಆ ಗಿಡ ಏಳುದಿಲ್ಲ ಬೇಬಿ," ಎಂದ ಕುಶಾಲಪ್ಪ. "ನೆಡು. ಮೊದಲು ಎರಡು ರೆಕ್ಕೆಯನ್ನೂ ಕಳಚಿ ಬಿಡಿ. ಎಂಜಿನ್ ಉಂಟಲ್ಲ. ನನ್ನನ್ನು ಕೂರಿಸಿ."

ಕೂರಿಸಿದೆವು. ರೆಕ್ಕೆಯಿಲ್ಲದ, ಮೂರು ಚಕ್ರದ, ಬಾಲವೊಂದು ಮಾತ್ರ ವಿಮಾನದ್ದಾಗಿ ಉಳಿದ ಆ ವಾಹನ ಗುಡ್ಡದ ಪೂರ್ವದ ಕೊನೆಯಿಂದ ಹೊರಟಿತು. ಅಭ್ಯಾಸಕ್ಕೆ ಓಡಿಸುವಾಗ ಅವನು ಎಂದೂ ಪೂರ್ತಿ ವೇಗ ಕೊಟ್ಟಿರಲಿಲ್ಲ. ಆ ದಿನ ಕೊಟ್ಟ. ಕೆಂಪು ಧೂಳು ಎದ್ದಿತು. ಏಳಬೇಕಾದ ಜಾಗದಲ್ಲಿ ಅವನು ಕೋಲನ್ನು ಎದೆಗೆ ಎಳೆದುಕೊಂಡದ್ದು ನನಗೆ ಕಂಡಿತು. ಮೂಗಿನ ಚಕ್ರ ಒಂದು ಗೇಣು ಎದ್ದು, ಹಾಗೆಯೇ ಸ್ವಲ್ಪ ದೂರ ಹೋಗಿ, ಮೆಲ್ಲಗೆ ನೆಲ ಮುಟ್ಟಿತು. ಹೇಮಾವತಿ ಅಷ್ಟೂ ಹೊತ್ತು ಫ್ಲಾಸ್ಕಿನ ಮುಚ್ಚಳವನ್ನು ಕೈಯಲ್ಲಿ ಹಿಡಿದೇ ಇದ್ದರು.

ತಿರುಗಿಸಿಕೊಂಡು ಬಂದು ನಮ್ಮ ಮುಂದೆ ನಿಲ್ಲಿಸಿದ. ಹುಬ್ಬು ಮೀಸೆಯೆಲ್ಲ ಕೆಂಪು ಮಣ್ಣು.

"ಇಳಿಯುದು ಈ ಸಲ ಸರಿ ಆಯ್ತು," ಎಂದ.

ಮೂರನೆಯ ದಿನ ಮಳೆ ಬಂತು. ಗುಡ್ಡವನ್ನು ಮೆಟ್ಟಿಲಾಗಿ ಕಡಿದರು, ಗಿಡ ಇಟ್ಟರು. ವಿಮಾನದ ಭಾಗಗಳು ಮರ್ಕಂಜದ ಶೆಡ್ಡಿಗೆ ಮರಳಿದವು. ಕುಶಾಲಪ್ಪ ಸಿಕ್ಕವರಿಗೆಲ್ಲ ನನ್ನ ಡಿಸೈನಿನ ದೋಷಗಳನ್ನು ಸವಿಸ್ತಾರವಾಗಿ ವಿವರಿಸಿದ್ದರಿಂದ ಆ ಕೀರ್ತಿ ಬೇಗ ಹರಡಿತು. ಹುಣ್ಣು ಮತ್ತೆ ಬಂತು. ಮುಂದಿನ ಮಳೆಗಾಲವನ್ನು ಅವನು ದಾಟಲಿಲ್ಲ. ಕೊನೆಯ ಸಲ ಆಸ್ಪತ್ರೆಯಲ್ಲಿ ನಾನು ಏಳುವಾಗ ಕೈ ಹಿಡಿದು, "ಬಾಲ ಚಿಕ್ಕದು, ಮರೀಬೇಡಿ," ಎಂದಿದ್ದ. ನಾನು ಮರೆಯಲಿಲ್ಲ.

ಹೇಮಾವತಿಯವರ ಅಂಗಳದಲ್ಲಿ ಕಳೆದ ಮಳೆಗಾಲ ಹೋಗಿ ನಿಂತಾಗಲೂ ಅದು ನೆನಪಿತ್ತು. ಆಕೆ ಡ್ರಮ್ಮಿನ ಮುಂದೆ ಚೂರಿ ಅದ್ದಿ ಹಿಡಿದು ನಿಂತಿದ್ದರು. ಮದ್ದು ಬಿಡುವವನು ಪಂಪಿನ ಪೈಪು ಬಿಚ್ಚುತ್ತಿದ್ದ. ಬೇಬಿ ಪಿಕಪ್ಪನ್ನು ಶೆಡ್ಡಿನ ಕಡೆಗೆ ತಿರುಗಿಸಲು ಚಾಲಕನಿಗೆ ಹೇಳಿದ. ಎಂಜಿನ್ ಅವನು ಇಟ್ಟುಕೊಳ್ಳುವುದು, ಉಳಿದದ್ದು ಪುತ್ತೂರಿನ ಗುಜರಿಗೆ ಎಂದು ಮಾತಾಗಿತ್ತು.

"ಮಾಸ್ಟ್ರೆ," ಎಂದರು ಹೇಮಾವತಿ, ಚೂರಿಯಿಂದ ಕಣ್ಣು ತೆಗೆಯದೆ. "ಆ ದಿವಸ ತಪ್ಪಿದ್ದು ಎಂತ?"

"ಬಾಲ ಚಿಕ್ಕದಾಯ್ತಮ್ಮ."

"ಅವರೂ ಹಾಗೇ ಹೇಳ್ತಿದ್ರು. ಇಬ್ರೂ ಒಂದೇ ಸುಳ್ಳು ಹೇಳಿದ್ದು ಒಳ್ಳೇದಾಯ್ತು. ಎರಡು ಬೇರೆ ಬೇರೆ ಆಗಿದ್ರೆ ನನಗೆ ಕಷ್ಟ ಆಗ್ತಿತ್ತು."

ಆಕೆ ಚೂರಿ ಎತ್ತಿ ತೋರಿಸಿದರು. ತುದಿಗೆ ಸ್ವಲ್ಪ ಕೆಂಪು ಹತ್ತಿತ್ತು.

"ಈ ಬಣ್ಣ ನನಗೆ ಗೊತ್ತಿಲ್ವಾ? ಬೇಬಿ ಶೀಟು ಹಾಕಿದ್ದು ಅರ್ಧಕ್ಕೇ. ಚಾ ಬಗ್ಗಿಸುವಾಗ್ಲೇ ಕಂಡಿತ್ತು."

"ಅವನಿಗೆ ಹೇಳಲಿಲ್ವಾ?"

"ಹೇಳಿ ಎಂತ ಮಾಡುದು? ಹೇಳಿದ್ರೆ ಅವರು ನನ್ನನ್ನು ಸಮಾಧಾನ ಮಾಡ್ಲಿಕ್ಕೆ ಕೂರ್ತಿದ್ರು. ಅವರಿಗೆ ಅದೊಂದು ಕೆಲಸ ಹೆಚ್ಚು." ಆಕೆ ಡ್ರಮ್ಮಿಗೆ ಇನ್ನೊಂದು ಮಗ್ಗು ಸುಣ್ಣದ ನೀರು ಸುರಿದು ಕೋಲಿನಿಂದ ತಿರುವಿದರು. "ಇನ್ನು ನೀವು ಯಾರತ್ರ ಬೇಕಾದ್ರೂ ಹೇಳಿ. ಬರೆಯುದಾದ್ರೆ ಬರೀರಿ. ನಿಮ್ಮ ಡಿಸೈನು ಸರಿ ಇತ್ತು ಅಂತ ಊರಿಗೆ ಗೊತ್ತಾಗ್ಲಿ."

ಬಿಡುಗಡೆಯಾದ ಹಾಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅವನು ನನ್ನ ಕೈಯಲ್ಲಿ ಬಿಟ್ಟು ಹೋದ ಒಂದೇ ವಸ್ತುವನ್ನು ಯಾರೋ ವಾಪಸು ಕೇಳಿದ ಹಾಗಾಯಿತು.

ಬೇಬಿಯೂ ಚಾಲಕನೂ ಎಡರೆಕ್ಕೆಯನ್ನು ಹೊತ್ತುಕೊಂಡು ಅಂಗಳಕ್ಕೆ ಬಂದರು. ಬಟ್ಟೆ ಮಾಸಿತ್ತು, ಬೇಬಿ ಸೀಳಿದ ಕಡೆ ಬಿಟ್ಟರೆ ಹೊಲಿಗೆ ಒಂದೂ ಬಿಚ್ಚಿರಲಿಲ್ಲ. ಪಿಕಪ್ಪಿಗೆ ಏರಿಸುವ ಮೊದಲು ಉಸಿರು ತೆಗೆದುಕೊಳ್ಳಲು ಅದನ್ನು ಕೆಳಗಿಟ್ಟರು. ಮದ್ದು ಬಿಡುವವನು ಪಂಪು ಶುರು ಮಾಡಿದ. ಪೈಪಿನ ಕೀಲಿನಿಂದ ನೀಲಿ ಹನಿಗಳು ಸಿಡಿದವು.

"ಏಯ್, ನಿಲ್ಲಿಸು ಮಾರಾಯ!" ಎಂದು ಹೇಮಾವತಿ ಕೂಗಿದರು. "ಡ್ರಮ್ಮು ಆಚೆ ಎಳಿ. ಅಲ್ಲಲ್ಲ, ಇನ್ನೂ ಆಚೆ. ರೆಕ್ಕೆಗೆ ತಾಗ್ತದೆ."

ಅವನು ಗುಜರಿಗೆ ಹೊರಟ ರೆಕ್ಕೆಯನ್ನೂ ಆಕೆಯನ್ನೂ ನೋಡಿ, ತುಂಬಿದ ಡ್ರಮ್ಮನ್ನು ಅಂಗಳದ ಆ ಕೊನೆಯವರೆಗೆ ಎಳೆದುಕೊಂಡು ಹೋದ. ಹೇಮಾವತಿ ಸೆರಗಿನ ತುದಿಯಿಂದ ಬಟ್ಟೆಯ ಮೇಲೆ ಬಿದ್ದಿದ್ದ ಎರಡು ಹನಿಗಳನ್ನು ಒರೆಸಿದರು.